ಮುಷ್ಕರದ ನೋಟಿಸು ಬಂದ ಮೇಲೆ

ದೌಂಡ ರೈಲ್ವೆ ಜಂಕ್ಷನ್ನಿನ ಊರು. ಸೋಲಾಪುರದಿಂದ ಪುಣೆಗೆ ಹೋಗುವ ಹಳಿಯಿಂದ ಮನ್ಮಾಡದ ಹಳಿ, ಬಾರಾಮತಿಯ ಹಳಿ ಕವಲೊಡೆಯುವುದು ಇಲ್ಲೇ. ಕಲಬುರಗಿ ಕಡೆಯಿಂದ ದುಡಿಮೆಗೆ, ಓದಿಗೆ ಪುಣೆಗೆ ಹೋಗುವ ನಮ್ಮವರಿಗೂ ಪರಿಚಯದ ನಿಲ್ದಾಣ. ಇಲ್ಲಿ ಪದವಿ ಓದುವವರ ಪರೀಕ್ಷೆ, ಫಲಿತಾಂಶಗಳೆಲ್ಲ ಸುಮಾರು 80 ಕಿಲೋಮೀಟರ್ ಆಚೆಯ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಕೈಯಲ್ಲಿವೆ. ಅಲ್ಲಿನ ಗುಮಾಸ್ತರು ಕೆಲಸ ನಿಲ್ಲಿಸಿದರೆ ದೌಂಡದ ಹುಡುಗಿಯ ಅಂಕಪಟ್ಟಿಯೂ ನಿಲ್ಲುತ್ತದೆ.

2023ರ ಫೆಬ್ರುವರಿಯಲ್ಲಿ ಹಾಗೇ ಆಯಿತು. ಮಹಾರಾಷ್ಟ್ರದ ವಿಶ್ವವಿದ್ಯಾಲಯ, ಕಾಲೇಜುಗಳ ಬೋಧಕೇತರ ನೌಕರರು 2ನೇ ತಾರೀಖಿನಿಂದ ಪರೀಕ್ಷಾ ಕೆಲಸ ಬಹಿಷ್ಕರಿಸಿದರು, 20ರಿಂದ ಅನಿರ್ದಿಷ್ಟಾವಧಿ ಮುಷ್ಕರಕ್ಕೆ ಇಳಿದರು. ರದ್ದಾದ ಆಶ್ವಾಸಿತ ಬಡ್ತಿ ಯೋಜನೆಯನ್ನು ಮತ್ತೆ ಕೊಡಿ, ಏಳನೇ ವೇತನ ಆಯೋಗದ ಬಾಕಿ ತೀರಿಸಿ, ಖಾಲಿ ಹುದ್ದೆ ತುಂಬಿ ಎಂಬುದು ಅವರ ಬೇಡಿಕೆ. ಹಲವು ಕಡೆ ಪರೀಕ್ಷೆಗಳು ಮುಂದಕ್ಕೆ ಹೋದವು. ಆ ಬೇಡಿಕೆಗಳು ನ್ಯಾಯವಾದವು ಎಂದೇ ನಾನು ನಂಬುತ್ತೇನೆ. ನನ್ನ ಪ್ರಶ್ನೆ ಬೇರೆ. ಮುಷ್ಕರ ಬರುತ್ತದೆಂದು ಮೊದಲೇ ಗೊತ್ತಾದಾಗ ವಿಶ್ವವಿದ್ಯಾಲಯ ಸಿದ್ಧವಾಗಬೇಕಾದದ್ದು ಯಾವುದಕ್ಕೆ? ಮುಷ್ಕರವನ್ನು ಮುರಿಯುವುದಕ್ಕೋ, ವಿದ್ಯಾರ್ಥಿಯನ್ನು ಕಾಯುವುದಕ್ಕೋ?

ಮುರಿಯುವ ಸಿದ್ಧತೆ ಹೇಗಿರುತ್ತದೆಂದು ರೈಲ್ವೆಯ ಊರುಗಳಿಗೆ ಹೇಳಿಕೊಡಬೇಕಿಲ್ಲ. 1974ರ ಮೇ 8ರಂದು ದೇಶದ ರೈಲ್ವೆ ಮುಷ್ಕರ ಶುರುವಾಗುವ ಮೊದಲೇ, ಅದರ ಮುಂದಾಳು ಮಂಗಳೂರಿನ ಜಾರ್ಜ್ ಫರ್ನಾಂಡಿಸರನ್ನು ಬಂಧಿಸಲಾಗಿತ್ತು. ಸಾವಿರಾರು ನೌಕರರು ಜೈಲು ಸೇರಿದರು, ಕೆಲಸ ಕಳೆದುಕೊಂಡರು. ಇಪ್ಪತ್ತು ದಿನಕ್ಕೆ ಮುಷ್ಕರ ಮುಗಿಯಿತು, ಅಸಮಾಧಾನ ಮುಗಿಯಲಿಲ್ಲ. ವಿಶ್ವವಿದ್ಯಾಲಯ ಪೊಲೀಸರನ್ನು ಕರೆಸದೆಯೂ ಇದೇ ದಾರಿ ಹಿಡಿಯಬಹುದು. ಗುತ್ತಿಗೆ ಹುಡುಗರನ್ನು ಗುಮಾಸ್ತರ ಕುರ್ಚಿಯಲ್ಲಿ ಕೂರಿಸುವುದು, ಸಂಶೋಧನಾ ವಿದ್ಯಾರ್ಥಿಗಳಿಗೆ ಪ್ರಶ್ನೆಪತ್ರಿಕೆಯ ಕಟ್ಟು ಹೊರಿಸುವುದು, ಎಲ್ಲವೂ ಸರಿಯಾಗಿ ನಡೆದಿದೆ ಎಂದು ಪ್ರಕಟಣೆ ಕೊಡುವುದು. ಇಲ್ಲ ಎನ್ನಲು ಧೈರ್ಯ ಸಾಲದವರ ಹೆಗಲ ಮೇಲೆ ಹೊರೆ ಹಾಕುವ ಈ ಸಿದ್ಧತೆ ಅನ್ಯಾಯದ್ದು.

ಇನ್ನು ವಿದ್ಯಾರ್ಥಿಯನ್ನು ಕಾಯುವ ಸಿದ್ಧತೆಗೆ ಎದುರಾಗಿ ನೌಕರ ಸಂಘಗಳ ಒಳಗೇ ಒಂದು ವಾದವಿದೆ: ತೊಂದರೆಯಾಗದಿದ್ದರೆ ಮುಷ್ಕರಕ್ಕೆ ಬಲವೆಲ್ಲಿ, ವಿಶ್ವವಿದ್ಯಾಲಯ ಚೆನ್ನಾಗಿ ಸಿದ್ಧವಾದಷ್ಟೂ ನಮ್ಮ ಕೂಗು ಸರ್ಕಾರಕ್ಕೆ ಕೇಳುವುದಿಲ್ಲ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ತೊಂದರೆಯಲ್ಲಿ ಎರಡು ಬಗೆಯಿದೆ. ಪರೀಕ್ಷೆ ಹದಿನೈದು ದಿನ ಮುಂದೆ ಹೋಗುವುದು ಒಂದು. ಅದಕ್ಕೆ ಸಚಿವರು ಉತ್ತರ ಕೊಡಬೇಕಾಗುತ್ತದೆ, ಮುಷ್ಕರದ ಬಲ ಅಲ್ಲಿದೆ. ಪರೀಕ್ಷೆ ಇದೆಯೋ ಇಲ್ಲವೋ ತಿಳಿಯದೆ ಬೆಳಗಿನ ಗಾಡಿ ಹತ್ತಿ, ಕೂಲಿ ಬಿಟ್ಟು ಬಂದು, ಬೀಗ ಹಾಕಿದ ಗೇಟು ನೋಡಿ ಹಿಂದಿರುಗುವುದು ಇನ್ನೊಂದು. ಈ ಎರಡನೆಯ ಸಂಕಟದಿಂದ ನೌಕರರಿಗೆ ಒಂದು ರೂಪಾಯಿಯ ಲಾಭವೂ ಇಲ್ಲ. ಸರ್ಕಾರಕ್ಕೆ ಅದು ಕಾಣುವುದೂ ಇಲ್ಲ. ಅದನ್ನು ತಪ್ಪಿಸಿದರೆ ಮುಷ್ಕರ ಸ್ವಲ್ಪವೂ ಸೊರಗುವುದಿಲ್ಲ.

ಹಾಗಾಗಿ ನೋಟಿಸು ಕೈಸೇರಿದ ವಾರದಲ್ಲೇ ಕುಲಪತಿಗಳು ಸಂಘದವರನ್ನು ಕೂರಿಸಿಕೊಂಡು ಯಾವುದು ನಿಲ್ಲುತ್ತದೆ, ಯಾವುದು ನಿಲ್ಲಬಾರದು ಎಂದು ಒಟ್ಟಿಗೆ ಬರೆದಿಡಬೇಕು. ಹಾಸ್ಟೆಲಿನ ನೀರು, ಊಟ, ಆರೋಗ್ಯ ಕೇಂದ್ರ ನಿಲ್ಲಬಾರದು. ಶುಲ್ಕ, ವಿದ್ಯಾರ್ಥಿವೇತನದ ಅರ್ಜಿಗಳ ಕೊನೆಯ ದಿನಾಂಕ ಮುಂದೂಡಬೇಕು, ದಂಡ ಹಾಕಕೂಡದು. ಪರೀಕ್ಷೆ ಮುಂದೂಡುವುದಾದರೆ ಹಿಂದಿನ ರಾತ್ರಿಯಲ್ಲ, ವಾರ ಮೊದಲು ಹೇಳಬೇಕು. ದೌಂಡದಂಥ ತಾಲೂಕು ಕಾಲೇಜಿನ ಫಲಕದಲ್ಲೂ ಅದು ಮರಾಠಿಯಲ್ಲಿ ಕಾಣಬೇಕು. ಜೊತೆಗೆ ನೌಕರರ ಬೇಡಿಕೆ ಏನೆಂಬುದನ್ನೂ ತಿಳಿಸಬೇಕು. ಕಾರಣ ತಿಳಿಯದ ವಿದ್ಯಾರ್ಥಿ ಗುಮಾಸ್ತನನ್ನೇ ಬೈಯುತ್ತಾನೆ.

ನಮ್ಮ ಕರ್ನಾಟಕವೂ ಇದರಿಂದ ಹೊರತಲ್ಲ. 2023ರ ನವೆಂಬರ್ 23ರಿಂದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಿ ಎಂದು ತರಗತಿ ಬಹಿಷ್ಕರಿಸಿದರು. ಹತ್ತಾರು ವರ್ಷ ಪಾಠ ಮಾಡಿಯೂ ಅತಿಥಿಗಳಾಗಿಯೇ ಉಳಿದವರ ಸಿಟ್ಟು ಅದು. ಹೊಸ ವರ್ಷಕ್ಕೆ ತುಮಕೂರಿನಿಂದ ಬೆಂಗಳೂರಿಗೆ ನಡೆದು ಬಂದರು. ಪಾಠವೇ ನಿಂತಾಗ ಪರೀಕ್ಷೆ ಮುಂದೂಡಿದರಷ್ಟೇ ಸಾಲದು. ಕಳೆದ ತರಗತಿಗಳನ್ನು ಯಾವಾಗ, ಯಾರು ತುಂಬಿಕೊಡುತ್ತಾರೆ, ಅದಕ್ಕೆ ವೇತನವೆಷ್ಟು ಎಂಬುದೂ ಒಪ್ಪಂದದಲ್ಲಿ ಸೇರಬೇಕು.

ಮುಂದಿನ ನೋಟಿಸು ಎಂದಾದರೂ ಬಂದೇ ಬರುತ್ತದೆ. ಕುಲಪತಿಗಳೇ, ಸಂಘದ ಮುಖಂಡರೇ, ಆ ಹೊತ್ತಿಗೆ ವಿದ್ಯಾರ್ಥಿಗಳ ಪ್ರತಿನಿಧಿಗೂ ನಿಮ್ಮ ಮಾತುಕತೆಯ ಮೇಜಿನಲ್ಲಿ ಒಂದು ಕುರ್ಚಿ ಹಾಕಿ.