ಸ್ನಾಯು ಕಟ್ಟಲು ಕತ್ತರಿಯೂ ಬೇಕು

ಮೊದಲ ಪಿಯುಸಿಯ ಜೀವಶಾಸ್ತ್ರದ ಪಾಠದಲ್ಲಿ ಸ್ನಾಯುವಿನ ಚಿತ್ರವೊಂದಿದೆ. ಆ್ಯಕ್ಟಿನ್‌ನ ತೆಳು ಎಳೆಗಳು, ಮಯೋಸಿನ್‌ನ ದಪ್ಪ ಎಳೆಗಳು. ಒಂದರ ಮೇಲೊಂದು ಜಾರಿದಾಗ ಸ್ನಾಯು ಕುಗ್ಗುತ್ತದೆ. ಚಿತ್ರದಲ್ಲಿ ತಪ್ಪೇನಿಲ್ಲ. ಆದರೆ ಅದು ಸಿದ್ಧಗೊಂಡು ನಿಂತ ಯಂತ್ರದ ಚಿತ್ರ. ಎಳೆಗಳನ್ನು ಅಷ್ಟು ಒಪ್ಪವಾಗಿ ಜೋಡಿಸಿದ್ದು ಯಾವುದು, ಹಳತಾದದ್ದನ್ನು ಕಳಚುವುದು ಯಾವುದು ಎಂಬ ಪ್ರಶ್ನೆಯನ್ನು ಆ ಪಾಠ ಎತ್ತುವುದಿಲ್ಲ. ಹಾಗಾಗಿ ಸ್ನಾಯುವೆಂದರೆ ಪ್ರೋಟೀನಿನ ಮುದ್ದೆ, ಪ್ರೋಟೀನ್ ಹೆಚ್ಚಿದಷ್ಟೂ ಬಲ ಎಂಬ ಲೆಕ್ಕ ಮಕ್ಕಳ ತಲೆಯಲ್ಲಿ ಸಲೀಸಾಗಿ ಕೂತುಬಿಡುತ್ತದೆ. (ಜಿಮ್ಮಿನ ಪಕ್ಕ ಡಬ್ಬಿ ಮಾರುವವರಿಗೆ ಇದರಿಂದ ನಷ್ಟವೇನಿಲ್ಲ.) ಈ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಒಂದು ಮಿಲಿಮೀಟರ್ ಉದ್ದದ ದುಂಡುಹುಳು ಚೆನ್ನಾಗಿ ತೋರಿಸಿಕೊಟ್ಟಿದೆ.

ಆ ಹುಳುವಿನ ಹೆಸರು ಸಿ. ಎಲೆಗನ್ಸ್. ಮೈ ಗಾಜಿನಂತೆ ಪಾರದರ್ಶಕ. ಮೈಗೋಡೆಯ ಸ್ನಾಯುಕೋಶಗಳು ಲೆಕ್ಕಕ್ಕೆ 95, ನಾಲ್ಕು ಪಟ್ಟಿಗಳಾಗಿ ಉದ್ದಕ್ಕೂ ಹರಡಿವೆ. ಕೇಂಬ್ರಿಜ್‌ನಲ್ಲಿ ಸಿಡ್ನಿ ಬ್ರೆನರ್ 1974ರಲ್ಲಿ ಇದರ ವಂಶವಾಹಿಗಳ ಅಧ್ಯಯನ ಪ್ರಕಟಿಸಿದಾಗ, ಸರಿಯಾಗಿ ಹರಿದಾಡಲಾರದ ಹುಳುಗಳಿಗೆ ಕಾರಣವಾದ ವಂಶವಾಹಿಗಳನ್ನು ‘ಅಂಕ್’ ಎಂದು ಕರೆದು ಸಂಖ್ಯೆ ಕೊಟ್ಟರು. ಅಲುಗಾಡಲಾರದ ಪ್ರಾಣಿಯ ಸಂತಾನ ಸಾಮಾನ್ಯವಾಗಿ ಅಲ್ಲಿಗೇ ನಿಂತುಹೋಗುತ್ತದೆ. ಈ ಹುಳು ಮಾತ್ರ ದ್ವಿಲಿಂಗಿ, ಸಂಗಾತಿಯ ಹಂಗಿಲ್ಲದೆ ಮೊಟ್ಟೆಯಿಡುತ್ತದೆ. ಬ್ಯಾಕ್ಟೀರಿಯ ನುಂಗುವ ಗಂಟಲಿನ ಸ್ನಾಯು ಬೇರೆಯೇ ಆದ್ದರಿಂದ ಮೈ ಸೋತರೂ ಹೊಟ್ಟೆ ತುಂಬುತ್ತದೆ. ಸ್ನಾಯು ಕೆಟ್ಟ ಜೀವಿಯನ್ನು ತಲೆಮಾರುಗಟ್ಟಲೆ ಸಾಕಿ ನೋಡಲು ಸಾಧ್ಯವಾದದ್ದು ಹೀಗೆ.

ಇವುಗಳಲ್ಲಿ ‘ಅಂಕ್-60’ ನನ್ನ ವಾದಕ್ಕೆ ಮುಖ್ಯ ಸಾಕ್ಷಿ. ಇದು ಕೋಫಿಲಿನ್ ಗುಂಪಿನ ಪ್ರೋಟೀನ್ ತಯಾರಿಸುವ ವಂಶವಾಹಿ ಎಂಬುದು 1994ರಲ್ಲಿ ತಿಳಿಯಿತು. ಕೋಫಿಲಿನ್ ಆ್ಯಕ್ಟಿನ್ ಎಳೆಗೆ ಅಂಟಿಕೊಂಡು ಅದನ್ನು ತುಂಡರಿಸುತ್ತದೆ. ಕತ್ತರಿಸುವುದೇ ಇಲ್ಲವಾದರೆ ಎಳೆಗಳು ಇನ್ನಷ್ಟು ಭದ್ರವಾಗಬೇಕಲ್ಲವೇ? ಆದದ್ದು ತದ್ವಿರುದ್ಧ. ಸ್ನಾಯುವಿಗೆ ಮೀಸಲಾದ ಕೋಫಿಲಿನ್ ಕೆಟ್ಟ ಹುಳುವಿನಲ್ಲಿ ಆ್ಯಕ್ಟಿನ್‌ಗೆ ಹೊಳೆಯುವ ಬಣ್ಣ ಹಚ್ಚಿ ನೋಡಿದರೆ, ಸಾಲುಸಾಲು ಪಟ್ಟೆ ಕಾಣಬೇಕಾದ ಕಡೆ ಕೋಶದ ತುದಿಗಳಲ್ಲಿ ಗಂಟುಗಳು ಕಾಣುತ್ತವೆ. ಆ್ಯಕ್ಟಿನ್ ಇದೆ, ಚಲನೆ ಇಲ್ಲ. ನೂಲು ರಾಶಿ ಬಿದ್ದಿದ್ದರೂ ಮಗ್ಗದ ಮೇಲೆ ಹಾಸು ಕಟ್ಟದಿದ್ದರೆ ಸೀರೆಯಾಗದು. ಕೋಫಿಲಿನ್‌ಗೆ ನೆರವಾಗುವ ಇನ್ನೊಂದು ಪ್ರೋಟೀನನ್ನು ‘ಅಂಕ್-78’ ತಯಾರಿಸುತ್ತದೆ. ಅದು ಕೆಟ್ಟರೂ ಇದೇ ಪಾಡು. ಇನ್ನು ಟ್ರೊಪೊಮಯೋಸಿನ್. ಈ ಪ್ರೋಟೀನಿನ ಪರಿಚಿತ ಕೆಲಸ ಆ್ಯಕ್ಟಿನ್‌ನ ಮೇಲೆ ಮಯೋಸಿನ್ ಹಿಡಿಯುವ ತಾಣವನ್ನು ಮುಚ್ಚಿಡುವುದು. ಎಮೊರಿ ವಿಶ್ವವಿದ್ಯಾಲಯದ ಶೋಯಿಚಿರೊ ಓನೊ ತಂಡ 2002ರಲ್ಲಿ ಹುಳುವಿನಲ್ಲಿ ಅದನ್ನು ತಗ್ಗಿಸಿದಾಗ ಎಳೆಗಳು ಚೆಲ್ಲಾಪಿಲ್ಲಿಯಾದವು. ಆದರೆ ಕೋಫಿಲಿನ್ ಮೊದಲೇ ದುರ್ಬಲವಾಗಿದ್ದ ಹುಳುವಿನಲ್ಲಿ ಆ ಹಾನಿ ತಗ್ಗಿತು. ಅಂದರೆ ಟ್ರೊಪೊಮಯೋಸಿನ್ ಕತ್ತರಿಯಿಂದ ಎಳೆಯನ್ನು ಕಾಯುವ ಕಾವಲುಗಾರನೂ ಹೌದು. ಕತ್ತರಿ ಮತ್ತು ಕಾವಲಿನ ನಡುವಿನ ಈ ಜಗ್ಗಾಟದಲ್ಲೇ ಸ್ನಾಯುವಿನ ಪಟ್ಟೆಗಳು ರೂಪುಗೊಳ್ಳುತ್ತವೆ.

ಹುಳುವಿನ ಮಾತನ್ನು ಮನುಷ್ಯನಿಗೆ ಹಚ್ಚಬಹುದೇ ಎಂಬ ಆಕ್ಷೇಪ ಸಹಜ, ಅದರಲ್ಲಿ ಹುರುಳೂ ಇದೆ. ನಮ್ಮ ಸ್ನಾಯುತಂತು ಹಲವು ಕೋಶಗಳು ಬೆಸೆದು ಆದದ್ದು. ಹುಳುವಿನಲ್ಲಿ ಆ ಬೆಸುಗೆ ಇಲ್ಲ, ಗಾಯವಾದರೆ ಹೊಸ ಸ್ನಾಯು ಕಟ್ಟಿಕೊಡುವ ಕಾಂಡಕೋಶಗಳೂ ಇಲ್ಲ. ವ್ಯಾಯಾಮದಿಂದ ತೋಳು ದಪ್ಪವಾಗುವ ಬಗೆಯನ್ನು ಅದರಿಂದ ಕಲಿಯಲು ಹೊರಟರೆ ನಗೆಪಾಟಲಾದೀತು. ಆದರೆ ಎಳೆಯ ಮಟ್ಟದಲ್ಲಿ ಕಥೆ ಬೇರೆ. ಹುಟ್ಟಿನಿಂದಲೇ ಸ್ನಾಯು ದುರ್ಬಲವಾಗಿರುವ ನೆಮಲೀನ್ ಮಯೋಪತಿ ಎಂಬ ಕಾಯಿಲೆಗೆ ಮನುಷ್ಯನ ಸ್ನಾಯು ಕೋಫಿಲಿನ್‌ನ ದೋಷವೂ ಒಂದು ಕಾರಣವೆಂದು 2007ರಲ್ಲಿ ವರದಿಯಾಯಿತು. ಅದೇ ಪ್ರೋಟೀನ್ ಇಲ್ಲದ ಇಲಿಮರಿಗಳ ಸ್ನಾಯು ಹುಟ್ಟುವಾಗ ಹೆಚ್ಚುಕಡಿಮೆ ಸರಿಯಾಗಿಯೇ ಇದ್ದು, ಕೆಲವೇ ದಿನಗಳಲ್ಲಿ ಹದಗೆಟ್ಟಿತು. ಕಟ್ಟುವುದಕ್ಕಿಂತ ಕಟ್ಟಿದ್ದನ್ನು ಉಳಿಸಿಕೊಳ್ಳಲು ಕತ್ತರಿ ಹೆಚ್ಚು ಬೇಕೆಂದು ಇಲಿ ಹೇಳುತ್ತದೆ. ಹುಳುವಿನ ಮಾತನ್ನು ಇದು ತುಸು ತಿದ್ದುತ್ತದೆಯೇ ಹೊರತು ಅಳಿಸಿಹಾಕುವುದಿಲ್ಲ. ಕಾಯಿಲೆಗೆ ಇದರಿಂದ ಮದ್ದು ಸಿಕ್ಕಿಲ್ಲ, ನಿಜ. ಯಾವ ಕೊಂಡಿ ಕಳಚಿದೆ ಎಂದು ತಿಳಿಯದೆ ಮದ್ದು ಹುಡುಕುವುದಾದರೂ ಎಲ್ಲಿ?

ನೀಟ್ ಪರೀಕ್ಷೆಗೆ ಉರುಹೊಡೆದು ದಣಿದ ಮಕ್ಕಳಿಗೆ ಇನ್ನಷ್ಟು ಹೆಸರು ಹೊರಿಸಬೇಕೇ ಎಂದು ಅಧ್ಯಾಪಕರು ಕೇಳಬಹುದು. ಹೆಸರು ಬೇಡವೇ ಬೇಡ. ಈಗಿರುವ ಚಿತ್ರದ ಪಕ್ಕ ಎರಡು ಫೋಟೊ ಹಾಕಿ: ಪಟ್ಟೆಪಟ್ಟೆಯಾಗಿ ಹೊಳೆಯುವ ಹುಳುವಿನ ಸ್ನಾಯು ಒಂದು, ಗಂಟುಗಟ್ಟಿದ್ದು ಇನ್ನೊಂದು. ಎರಡರಲ್ಲೂ ಆ್ಯಕ್ಟಿನ್ ಇದ್ದರೂ ಒಂದೇಕೆ ಹರಿಯದು ಎಂದು ಕೇಳಿ, ಚರ್ಚೆಗೆ ಬಿಡಿ. ಡಿಗ್ರಿ ಕಾಲೇಜುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಈ ಹುಳುವಿಗೆ ಬೇಕಾದದ್ದು ಅಗರ್ ತಟ್ಟೆ, ತಿನ್ನಲು ಇ. ಕೋಲಿ ಬ್ಯಾಕ್ಟೀರಿಯ, 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು. ಮೂರು ದಿನ ಕಳೆಯುವಷ್ಟರಲ್ಲಿ ಮೊಟ್ಟೆ ಬೆಳೆದು ಹುಳುವಾಗಿರುತ್ತದೆ. ಹರಿಯುವ ಹುಳು, ಹರಿಯದ ಹುಳು ಯಾವುದೆಂದು ಗುರುತಿಸಲು ಸಾಧಾರಣ ಸೂಕ್ಷ್ಮದರ್ಶಕ ಸಾಕು. ತಳಿಗಳನ್ನು ಕಾಪಿಟ್ಟು ಪ್ರಯೋಗಾಲಯಗಳಿಗೆ ಕಳುಹಿಸಿಕೊಡುವ ಕೇಂದ್ರ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿದೆ; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಹುಳುವಿನ ಮೇಲೆ ಸಂಶೋಧನೆ ನಡೆಯುತ್ತಿರುವುದರಿಂದ ಸಲಹೆ ಕೇಳಲು ದೂರ ಹೋಗಬೇಕಿಲ್ಲ.