ಮಗ ಕಂಪ್ಯೂಟರ್ ಬಿಚ್ಚಿ ಕುಳಿತಾಗ...

"ಉಮ್ಮಾ, ಹೊಸತೇನೂ ಕೊಳ್ಳಬೇಡಿ. ಇರುವ ಪ್ರೊಸೆಸರನ್ನೇ ಸ್ವಲ್ಪ ಜೋರಾಗಿ ಓಡಿಸುತ್ತೇನೆ, ಆಟ ಚೆನ್ನಾಗಿ ಬರುತ್ತದೆ" ಎಂದು ಮಗ ಕೇಳಿದರೆ ನೀವೇನು ಹೇಳುವಿರಿ? ಹಣ ಬೇಡ ಎಂಬ ಒಂದೇ ಮಾತಿಗೆ ಮರುಳಾಗಿ 'ಆಗಲಿ' ಎಂದವರಲ್ಲಿ ನಾನೂ ಒಬ್ಬಳು. ಮೂರನೆಯ ದಿನ ಮಗಳು ತನ್ನ ಬಿ.ಎಡ್. ಪ್ರಾಜೆಕ್ಟಿನ ಫೈಲ್ ತೆರೆಯಲು ಹೋದರೆ ಅದು ತೆರೆಯಲೇ ಇಲ್ಲ. ಆಟ ಮಾತ್ರ ಸೊಗಸಾಗಿ ಓಡುತ್ತಿತ್ತು! ನಲ್ವತ್ತು ಪುಟಗಳನ್ನು ಮತ್ತೆ ಟೈಪ್ ಮಾಡಲು ಕುಳಿತ ಅವಳ ಮುಖ ನೋಡಿದ ಬಳಿಕ, ಬೈಯುವುದನ್ನು ಬಿಟ್ಟು ಮಗನ ಪಕ್ಕದಲ್ಲಿ ಕುಳಿತು ಈ 'ಓವರ್‌ಕ್ಲಾಕಿಂಗ್' ಎಂದರೇನೆಂದು ತಿಳಿದುಕೊಂಡೆ. ಅದನ್ನೇ ಈ ಸಲ ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಪ್ರೊಸೆಸರ್ ಒಂದು ತಾಳಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. ಈಗಿನ ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಮೂಲ ತಾಳ 100 ಮೆಗಾಹರ್ಟ್ಸ್. ಅದನ್ನು 40ರಿಂದ ಗುಣಿಸಿದರೆ 4 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 400 ಕೋಟಿ ಬಾರಿ. ಈ 40 ಎಂಬ ಗುಣಕವನ್ನು 41, 42 ಎಂದು ಏರಿಸುವುದೇ ಓವರ್‌ಕ್ಲಾಕಿಂಗ್. ಒಂದೇ ಕಾರ್ಖಾನೆಯಿಂದ ಬಂದ ಎರಡು ಚಿಪ್‌ಗಳೂ ಪೂರ್ತಿ ಒಂದೇ ತೆರನಾಗಿರುವುದಿಲ್ಲ. ಆದ್ದರಿಂದ ಎಲ್ಲವೂ ಎಲ್ಲ ಮನೆಗಳಲ್ಲೂ ನೆಟ್ಟಗೆ ನಡೆಯಲೆಂದು ಕಂಪೆನಿಯವರು ಸ್ವಲ್ಪ ಕಡಿಮೆ ವೇಗವನ್ನೇ ನಿಗದಿ ಮಾಡುತ್ತಾರೆ. ಹಾಗೆ ಉಳಿದ ಶಕ್ತಿಯನ್ನು ಹುಡುಗರು ಹೊರಗೆಳೆಯುತ್ತಾರೆ.

ಒಂದು ಕಾಲದಲ್ಲಿ ಇದರಿಂದ ದೊಡ್ಡ ಲಾಭವೇ ಇತ್ತು. 1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್, ಮೂಲ ತಾಳವನ್ನು 66ರಿಂದ 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್ ಬದಲು 450ರಲ್ಲಿ ಓಡುತ್ತಿತ್ತು. ಒಂದೂವರೆ ಪಟ್ಟು! ಆ ಕಥೆಗಳನ್ನು ಕೇಳಿಯೇ ಇಂದಿನ ಮಕ್ಕಳೂ ಆಸೆಪಡುತ್ತಾರೆ. ಆದರೆ ಈಗ 'ಟರ್ಬೊ', 'ಬೂಸ್ಟ್' ಎಂಬ ಹೆಸರುಗಳಲ್ಲಿ ಪ್ರೊಸೆಸರ್ ತಾನಾಗಿಯೇ ವೇಗವನ್ನು ಏರಿಸಿಕೊಳ್ಳುತ್ತದೆ, ನಮಗೆ ಉಳಿಯುವುದು ಅಲ್ಪ. ಐದು ಶೇಕಡಾ ಏರಿಸಿದರೂ ಸೆಕೆಂಡಿಗೆ 60 ಚಿತ್ರ ತೋರಿಸುವ ಆಟ ಹೆಚ್ಚೆಂದರೆ 63 ತೋರಿಸೀತು. ಅದೂ ಆಟಕ್ಕೆ ಅಡ್ಡಿಯಾಗಿರುವುದು ಪ್ರೊಸೆಸರೇ ಆಗಿದ್ದರೆ ಮಾತ್ರ.

ಅದನ್ನು ತಿಳಿಯಲು ಸುಲಭ ಪರೀಕ್ಷೆಯೊಂದಿದೆ. ಆಟದ ಸೆಟ್ಟಿಂಗ್‌ನಲ್ಲಿ ರೆಸೊಲ್ಯೂಷನ್ ಕಡಿಮೆ ಮಾಡಲು ಹೇಳಿ. ಆಗ ಆಟ ಚುರುಕಾದರೆ ನಿಧಾನವಾಗಿರುವುದು ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರನ್ನು ಎಷ್ಟು ಓಡಿಸಿದರೂ ಪ್ರಯೋಜನವಿಲ್ಲ. ಏನೂ ವ್ಯತ್ಯಾಸ ಕಾಣದಿದ್ದರೆ ಮಗನ ಮಾತಿನಲ್ಲಿ ಸತ್ಯವಿರಬಹುದು. ಆಗಲೂ ಮೊದಲು ಫ್ಯಾನಿನ ಧೂಳು ತೆಗೆಯಿರಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ರ‍್ಯಾಮ್ ಒಂದೇ ಕಡ್ಡಿಯಾಗಿದ್ದರೆ ಅದೇ ತರಹದ ಇನ್ನೊಂದನ್ನು ಹಾಕಿ ನೋಡಿ. ಅನೇಕ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. (ಫಜ್ರ್‌ಗೆ ಏಳದ ಹುಡುಗನಿಗೆ ಆಟದ ವೇಗ ಏಕೆ ಹೆಚ್ಚಿಸಬೇಕೆಂದು ನನ್ನ ಅತ್ತೆ ಕೇಳುತ್ತಾರೆ. ಅದನ್ನು ಇನ್ನೊಂದು ತಿಂಗಳಿಗೆ ಇಟ್ಟುಕೊಳ್ಳೋಣ.)

ಎಲ್ಲ ಪ್ರೊಸೆಸರ್‌ಗಳಲ್ಲಿ ಇದು ಸಾಧ್ಯವೂ ಇಲ್ಲ. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಯಲ್ಲಿ 'ಕೆ' ಅಕ್ಷರವಿರುವ ಪ್ರೊಸೆಸರ್ ಹಾಗೂ 'ಝಡ್' ಸಾಲಿನ ಮದರ್‌ಬೋರ್ಡ್ ಎರಡೂ ಇರಬೇಕು. ಎಎಂಡಿಯ ರೈಝೆನ್‌ಗಳಲ್ಲಿ ಹೆಚ್ಚಿನವು ಒಪ್ಪುತ್ತವೆ, ಆದರೆ ಎ320, ಎ520ರಂತಹ ಅಗ್ಗದ ಬೋರ್ಡ್‌ಗಳಲ್ಲಿ ಆಗದು. ಲ್ಯಾಪ್‌ಟಾಪ್ ಆದರೆ ಈ ಯೋಚನೆಯನ್ನೇ ಬಿಟ್ಟುಬಿಡಲು ಹೇಳಿ.

ನೀವು ತಿಳಿದಿರಲೇಬೇಕಾದ ಸಂಗತಿ ವೋಲ್ಟೇಜ್. ವೇಗ ಹೆಚ್ಚಾದಾಗ ಚಿಪ್ ತಡವರಿಸುತ್ತದೆ. ಆಗ ಹುಡುಗರು ವೋಲ್ಟೇಜ್ ಏರಿಸುತ್ತಾರೆ. ಶಾಖ ಹೆಚ್ಚುವುದು ವೋಲ್ಟೇಜಿನ ವರ್ಗಕ್ಕೆ ಅನುಸಾರವಾಗಿ. ವೇಗ ಹತ್ತು ಶೇಕಡಾ, ವೋಲ್ಟೇಜ್ ಹತ್ತು ಶೇಕಡಾ ಏರಿಸಿದಿರೆಂದರೆ 100 ವ್ಯಾಟ್ ಶಾಖ ಸುಮಾರು 133 ಆಗುತ್ತದೆ. ಶಾಖಕ್ಕಾದರೆ ಕಾವಲಿದೆ. ಚಿಪ್ 95 ಅಥವಾ 100 ಡಿಗ್ರಿ ಸಮೀಪಿಸಿದಾಗ ತಾನೇ ನಿಧಾನವಾಗುತ್ತದೆ, ಮೀರಿದರೆ ಆಫ್ ಆಗುತ್ತದೆ. ಅತಿಯಾದ ವೋಲ್ಟೇಜ್ ಮಾತ್ರ ಒಳಗಿನಿಂದಲೇ ಸವೆಸುತ್ತಾ ಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಇದು ಹೆದರಿಸಲು ಹೇಳುವ ಮಾತಲ್ಲ. 2023ರಲ್ಲಿ ಎಎಂಡಿಯ ರೈಝೆನ್ 7000 ಸರಣಿಯ ಕೆಲವು ಪ್ರೊಸೆಸರ್‌ಗಳು ಬೋರ್ಡ್ ಸಮೇತ ಸುಟ್ಟವು. ಬೋರ್ಡುಗಳು ಕೊಡುತ್ತಿದ್ದ ಒಂದು ವೋಲ್ಟೇಜನ್ನು ಕಂಪೆನಿ 1.3ಕ್ಕೆ ಮಿತಿಗೊಳಿಸಬೇಕಾಯಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಆಟದ ನಡುವೆ ನಿಲ್ಲತೊಡಗಿದವು. ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜೇ ಕಾರಣವೆಂದು ಕಂಪೆನಿಯೇ ಒಪ್ಪಿಕೊಂಡು, ಆಗಸ್ಟ್‌ನಲ್ಲಿ ಬಯಾಸ್ ಮೂಲಕ ಹಾಕುವ ಅಪ್‌ಡೇಟ್ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆಗಲೇ ಸವೆದಿದ್ದ ಚಿಪ್‌ಗೆ ಅಪ್‌ಡೇಟ್ ಮದ್ದಾಗಲಿಲ್ಲ. ಇವೆಲ್ಲ ಓವರ್‌ಕ್ಲಾಕ್ ಮಾಡದವರಿಗೂ ಆದದ್ದು. ನಿಮ್ಮ ಮನೆಯಲ್ಲಿ ಈ ಪ್ರೊಸೆಸರ್‌ಗಳಿದ್ದರೆ ಬಯಾಸ್ ಅಪ್‌ಡೇಟ್ ಮೊದಲು, ಉಳಿದದ್ದು ಆಮೇಲೆ. ಅಪ್‌ಡೇಟ್ ನಡುವೆ ಕರೆಂಟ್ ಹೋಗಬಾರದು, ಆದ್ದರಿಂದ ಯುಪಿಎಸ್‌ನಲ್ಲೇ ಮಾಡಲಿ. ಓವರ್‌ಕ್ಲಾಕ್ ಮಾಡಿ ಕೆಟ್ಟುಹೋದುದಕ್ಕೆ ಕಂಪೆನಿಯ ವಾರಂಟಿ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಇಷ್ಟೆಲ್ಲ ಕೇಳಿದ ಮೇಲೂ ಮಗ ಹಟ ಬಿಡದಿದ್ದರೆ? ನಾನೂ ಬೇಡವೆನ್ನಲಿಲ್ಲ, ಷರತ್ತು ಹಾಕಿದೆ. ಮನೆಯ ಕಂಪ್ಯೂಟರ್ ಎಲ್ಲರ ಅಮಾನತ್. ಆದ್ದರಿಂದ ಮೊದಲನೆಯದಾಗಿ ಎಲ್ಲರ ಫೈಲ್‌ಗಳು, ಫೋಟೊಗಳು ಬೇರೊಂದು ಡಿಸ್ಕ್‌ಗೆ ಹೋಗಬೇಕು, ಆ ಡಿಸ್ಕ್ ಕಂಪ್ಯೂಟರಿನಿಂದ ಬಿಡಿಸಿ ನನ್ನ ಕಪಾಟಿಗೆ ಬರಬೇಕು. ಬಯಾಸ್‌ನ ಈಗಿನ ಪರದೆಗಳನ್ನೆಲ್ಲ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಬೇಕು. ಅಗ್ಗದ ಹಳೆಯ ಎಸ್‌ಎಂಪಿಎಸ್ ಇದ್ದರೆ ಅದು ಬದಲಾಗುವವರೆಗೆ ಏನೂ ಮಾಡುವಂತಿಲ್ಲ.

ಬಳಿಕ ಗುಣಕವನ್ನು ಒಂದೊಂದಾಗಿಯೇ ಏರಿಸಬೇಕು. ನನ್ನ ಮಗ ಮೊದಲ ಸಲ ಎಡವಿದ್ದು ಇಲ್ಲಿಯೇ. ಯಾರದೋ ವೀಡಿಯೊ ನೋಡಿ ಒಂದೇ ಏಟಿಗೆ 500 ಮೆಗಾಹರ್ಟ್ಸ್ ಏರಿಸಿದ್ದ, ಜೊತೆಗೆ ರ‍್ಯಾಮ್ ವೇಗವನ್ನೂ. ಆ ವೀಡಿಯೊದವನ ಚಿಪ್ ಬೇರೆ, ಇವನದು ಬೇರೆ. ಪ್ರತಿ ಹೆಜ್ಜೆಗೂ ಸಿನೆಬೆಂಚ್ ಹತ್ತು ನಿಮಿಷ, ಕೊನೆಗೆ ಒಸಿಸಿಟಿ ಅಥವಾ ಪ್ರೈಮ್95 ಒಂದೆರಡು ಗಂಟೆ ಓಡಿಸಿ, ಎಚ್‌ಡಬ್ಲ್ಯೂಇನ್ಫೊದಲ್ಲಿ ಶಾಖ ನೋಡುತ್ತಿರಬೇಕು. ರ‍್ಯಾಮ್ ಮುಟ್ಟಿದ್ದರೆ ಮೆಮ್‌ಟೆಸ್ಟ್ ಬೇರೆ. ಆಟ ಓಡಿತೆಂದರೆ ಎಲ್ಲ ಸರಿಯಿದೆ ಎಂದಲ್ಲ. ಲೆಕ್ಕದಲ್ಲಿ ಆದ ಸಣ್ಣ ತಪ್ಪು ಆಟದಲ್ಲಿ ಒಂದು ಚುಕ್ಕೆಯಾಗಿ ಮಾಯವಾದೀತು, ಅದೇ ತಪ್ಪು ಫೈಲ್ ಉಳಿಸುವಾಗ ಆದರೆ ಫೈಲ್ ಹೋಯಿತು. ಮಗಳ ಪ್ರಾಜೆಕ್ಟ್ ಹೋದದ್ದು ಹಾಗೆ.

ಪರೀಕ್ಷೆಯಲ್ಲಿ ತಪ್ಪು ಬಂದ ಕೂಡಲೇ ವೋಲ್ಟೇಜ್ ಏರಿಸದೆ ಒಂದೆರಡು ಹೆಜ್ಜೆ ಹಿಂದೆ ಬಂದು ಅಲ್ಲೇ ನಿಲ್ಲುವುದು ಸುರಕ್ಷಿತ ಮಾರ್ಗ. ವೋಲ್ಟೇಜ್ 'ಆಟೊ'ದಲ್ಲಿದ್ದರೆ ಬೋರ್ಡ್ ತಾನೇ ಹೆಚ್ಚು ಕೊಡುವುದೂ ಉಂಟು, ಅದರ ಮೇಲೂ ಕಣ್ಣಿರಲಿ. ನಮ್ಮ ಹಳೆಯ ಪ್ರೊಸೆಸರಿಗೆ ನಾನು ಹಾಕಿದ ಗೆರೆ 80 ಡಿಗ್ರಿ. ರೈಝೆನ್ 7000 ಸರಣಿಯ ಕೆಲವು ಪ್ರೊಸೆಸರ್‌ಗಳು ಭಾರೀ ಕೆಲಸದಲ್ಲಿ ಏನೂ ಮಾಡದೆಯೇ 95 ಮುಟ್ಟುತ್ತವೆ. ಅವುಗಳಲ್ಲಿ ವೋಲ್ಟೇಜನ್ನು ತುಸು ಇಳಿಸುವುದೇ ಲಾಭ. ತಣ್ಣಗಾದಷ್ಟೂ ಅವು ತಾವಾಗಿ ವೇಗವಾಗುತ್ತವೆ. ಇದಕ್ಕೂ ಅದೇ ಪರೀಕ್ಷೆಗಳು ಬೇಕು.

ಇನ್ನು ನಮ್ಮ ಕರಾವಳಿಯ ಸೆಕೆ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಚಿಪ್ ಕೂಡ ಹೆಚ್ಚು ಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಡಿಸೆಂಬರ್ ರಾತ್ರಿ ಸರಿಯಾಗಿದ್ದದ್ದು ಎಪ್ರಿಲ್ ಮಧ್ಯಾಹ್ನ ಸರಿಯಿರುವುದಿಲ್ಲ. ಮೇಜಿನ ಬಾಗಿಲೊಳಗೆ ಕ್ಯಾಬಿನೆಟ್ ಇಟ್ಟಿದ್ದರೆ ಹೊರತೆಗೆಯಿರಿ. ನಮ್ಮಲ್ಲಿ ಕೊನೆಗೆ ಉಳಿದದ್ದು 200 ಮೆಗಾಹರ್ಟ್ಸ್, ಮಾರ್ಚ್ ಬಂದೊಡನೆ ಮಗನೇ ಅದನ್ನೂ ಇಳಿಸುತ್ತಾನೆ. ಇಷ್ಟಕ್ಕಾಗಿ ಇಷ್ಟೊಂದು ಕಷ್ಟವೇ ಎಂದರೆ, ಅವನು ಕಲಿತದ್ದು ಬಹಳ ಎಂದೇ ನನಗನಿಸುತ್ತದೆ.

ಎಷ್ಟು ಜಾಗ್ರತೆ ವಹಿಸಿದರೂ ಒಮ್ಮೊಮ್ಮೆ ಪರದೆ ಕಪ್ಪಾಗಿಯೇ ಉಳಿಯುವುದುಂಟು. ಗಾಬರಿಯಾಗಬೇಡಿ, ಮಗನನ್ನೂ ಗದರಬೇಡಿ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೆ, ಮದರ್‌ಬೋರ್ಡಿನಲ್ಲಿ ನಾಣ್ಯದಂತಿರುವ ಸಣ್ಣ ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದರೆ ಬಯಾಸ್ ಸಾಮಾನ್ಯವಾಗಿ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ.