ಕಿಟಕಿಯ ಕೊಟೇಶನ್ನಿನಲ್ಲಿ ಪೈಲ್ ಪಟ್ಟಿಗೂ ಒಂದು ಸಾಲಿರಲಿ

ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ, ಹೊಸ ಮನೆಗೆ ಸ್ಲೈಡಿಂಗ್ ಕಿಟಕಿ ಹಾಕಿಸುವವರ ಕೈಗೆ ಬರುವ ಕೊಟೇಶನ್ ತೆರೆದು ನೋಡಿ. ಅಲ್ಯೂಮಿನಿಯಂ ಆದರೆ ಸೆಕ್ಷನ್ನಿನ ದಪ್ಪ, ಪೌಡರ್ ಕೋಟಿಂಗಿನ ಬಣ್ಣ. ಯುಪಿವಿಸಿ ಆದರೆ ಅದರ ಕಂಪನಿ. ಗಾಜು 5 ಮಿ.ಮೀ. ಇದೆಯೋ 6 ಮಿ.ಮೀ. ಇದೆಯೋ, ಟ್ರ್ಯಾಕ್ ಎರಡೋ ಮೂರೋ, ಸೊಳ್ಳೆ ಮೆಶ್ ಸ್ಟೀಲಿನದೋ ಫೈಬರಿನದೋ, ಎಲ್ಲವೂ ಬರೆದಿರುತ್ತದೆ. ಚದರ ಅಡಿಯ ದರದ ಮೇಲೆ ಚೌಕಾಸಿಯೂ ನಡೆಯುತ್ತದೆ. ಆದರೆ ಶಟರ್ ಮತ್ತು ಚೌಕಟ್ಟಿನ ನಡುವಿನ ಸಂದನ್ನು ಮುಚ್ಚಬೇಕಾದ ಪೈಲ್ ಪಟ್ಟಿಯ ವಿಷಯ ಬಂದರೆ, ಹೆಚ್ಚೆಂದರೆ ‘ವುಲ್ ಪೈಲ್ ಸೇರಿ’ ಎಂಬ ಎರಡು ಮೂರು ಪದ. ಎಷ್ಟು ಅಗಲ, ಎಷ್ಟು ಎತ್ತರ, ಎಂಥ ಗುಣಮಟ್ಟ ಎಂದು ಬರೆಯುವವರು ಅಪರೂಪ, ಕೇಳುವವರು ಇನ್ನೂ ಅಪರೂಪ. ನನ್ನ ವಾದ ಇಷ್ಟೇ: ಧೂಳು, ಗಾಳಿ, ಸೊಳ್ಳೆ, ಎರಚಲು ಮಳೆ ಇವುಗಳ ಮಟ್ಟಿಗೆ ಸ್ಲೈಡಿಂಗ್ ಕಿಟಕಿಯ ಯೋಗ್ಯತೆಯನ್ನು ನಿರ್ಧರಿಸುವುದು ಗಾಜಲ್ಲ, ಸೆಕ್ಷನ್ನೂ ಅಲ್ಲ, ಈ ಪಟ್ಟಿ. ಅದರ ಅಳತೆ ಬರೆದುಕೊಡದ ಕೊಟೇಶನ್ನಿಗೆ ಗ್ರಾಹಕರು ಸಹಿ ಹಾಕಬಾರದು.

ಇದು ಅತಿಯಾಯಿತು ಅನ್ನಿಸಿದರೆ ಒಂದು ಲೆಕ್ಕ ಹಾಕೋಣ. ಐದಡಿ ಅಗಲ, ನಾಲ್ಕಡಿ ಎತ್ತರ, ಅಂದರೆ ಸುಮಾರು 1.5 ಮೀಟರ್‌ಗೆ 1.2 ಮೀಟರ್‌ನ ಎರಡು ಶಟರಿನ ಸಾಮಾನ್ಯ ಕಿಟಕಿ. ಮೇಲೆ ಕೆಳಗೆ ಸೇರಿ 3 ಮೀಟರ್, ಎರಡು ಪಕ್ಕ ಸೇರಿ 2.4 ಮೀಟರ್, ಶಟರುಗಳು ಒಂದಕ್ಕೊಂದು ಕೂಡುವ ಇಂಟರ್‌ಲಾಕ್ ಜಾಗ 1.2 ಮೀಟರ್. ಒಟ್ಟು 6.6 ಮೀಟರ್ ಉದ್ದದ ಸಂದು. ಹಾಕಿದ ಪೈಲ್ ಎಲ್ಲ ಕಡೆಯೂ 2 ಮಿ.ಮೀ. ಗಿಡ್ಡವಾಯಿತು ಎಂದುಕೊಳ್ಳಿ. ಆಗ ತೆರೆದೇ ಉಳಿಯುವ ಜಾಗ 132 ಚದರ ಸೆಂ.ಮೀ. ಗಾಜಿನಲ್ಲಿ ನಾಲ್ಕೂವರೆ ಇಂಚು ಉದ್ದ, ನಾಲ್ಕೂವರೆ ಇಂಚು ಅಗಲದ ತೂತು ಕೊರೆದು ಬಿಟ್ಟಷ್ಟಾಯಿತು. ಅಂಥ ತೂತಿರುವ ಗಾಜನ್ನು ಯಾರೂ ಒಪ್ಪುವುದಿಲ್ಲ. ಆದರೆ ಅದೇ ವಿಸ್ತೀರ್ಣ ನೂಲಿನಂತೆ ಚೌಕಟ್ಟಿನ ಸುತ್ತ ಹರಡಿಕೊಂಡಿದ್ದರೆ ಕಣ್ಣಿಗೇ ಬೀಳುವುದಿಲ್ಲ. ಕಿಟಕಿ ಮುಚ್ಚಿದ್ದರೂ ಟೇಬಲ್ಲಿನ ಮೇಲೆ ಧೂಳು ಕೂರುತ್ತದೆ, ಮೆಶ್ ಎಳೆದಿದ್ದರೂ ಸೊಳ್ಳೆ ಒಳಗಿರುತ್ತದೆ, ಗಾಳಿ ಬೀಸಿದಾಗ ಶಟರ್ ಕಟಕಟ ಎನ್ನುತ್ತದೆ. ಮನೆಯವರು ರಸ್ತೆಯನ್ನೋ ಊರನ್ನೋ ದೂರುತ್ತಾರೆ.

ಈ ಪಟ್ಟಿ ಕೆಲಸ ಮಾಡುವ ಬಗೆ ತಿಳಿದರೆ ಆಯ್ಕೆ ಸುಲಭ. ಹೊರಕ್ಕೆ ತೆರೆಯುವ ಕಿಟಕಿಯಲ್ಲಿ ಬಾಗಿಲು ರಬ್ಬರ್ ಗ್ಯಾಸ್ಕೆಟ್ಟಿನ ಮೇಲೆ ಒತ್ತಿ ಕೂರುತ್ತದೆ. ಸ್ಲೈಡಿಂಗ್ ಕಿಟಕಿಯಲ್ಲಿ ಶಟರ್ ಸರಿದಾಡಬೇಕು. ಅಲ್ಲಿ ರಬ್ಬರ್ ಬಿಗಿಯಾಗಿ ಒತ್ತಿದರೆ ಎಳೆಯುವುದೇ ಕಷ್ಟ. ಅದಕ್ಕೇ ಒತ್ತೊತ್ತಾಗಿ ನಿಂತ ಎಳೆಗಳ ಪಟ್ಟಿ: ಸರಿಯಲು ಬಿಡುತ್ತದೆ, ಗಾಳಿಯನ್ನು ತಡೆಯುತ್ತದೆ. ಹಿಂದೆ ಮೇಕೆಯ ಕೂದಲಿನಿಂದಲೂ ಇದನ್ನು ಮಾಡುತ್ತಿದ್ದರು. ಈಗ ವುಲ್ ಪೈಲ್ ಎಂದು ಮಾರುವುದು ಬಹುಮಟ್ಟಿಗೆ ಪಾಲಿಪ್ರೊಪಿಲೀನ್ ನೂಲು. ಒಳ್ಳೆಯ ಪಟ್ಟಿಗೆ ಸಿಲಿಕೋನ್ ಲೇಪ ಇರುತ್ತದೆ, ನೀರನ್ನು ಹೀರುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣವನ್ನು ತಾಳಿಕೊಳ್ಳುವ ಅಂಶವನ್ನೂ ನೂಲಿಗೆ ಸೇರಿಸಿರುತ್ತಾರೆ. ಇವೆರಡೂ ಇಲ್ಲದ ಅಗ್ಗದ ಮಾಲು ಮಳೆಗಾಲದಲ್ಲಿ ನೆನೆದು ಧೂಳು ಮೆತ್ತಿಕೊಂಡು ಗಟ್ಟಿಯಾಗುತ್ತದೆ, ಬೇಸಿಗೆಯಲ್ಲಿ ಪುಡಿಪುಡಿಯಾಗಿ ಉದುರುತ್ತದೆ. ಇನ್ನೊಂದು ಬಗೆಯಲ್ಲಿ ಎಳೆಗಳ ನಡುವೆ ಉದ್ದಕ್ಕೂ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ನಿಂತಿರುತ್ತದೆ; ಫಿನ್ ಇರುವ ಪೈಲ್ ಎಂದರೆ ಅದೇ. ಎಳೆಗಳ ನಡುವೆ ನುಸುಳುವ ಗಾಳಿಯನ್ನು ಆ ಹಾಳೆ ತಡೆಯುತ್ತದೆ. ದೊಡ್ಡ ರಸ್ತೆಯ ಕಡೆಗೆ, ಮಳೆ ಬೀಸುವ ದಿಕ್ಕಿಗೆ, ಎಸಿ ಇರುವ ಕೋಣೆಗೆ ಫಿನ್ ಇರುವುದನ್ನೇ ಕೇಳಬೇಕು.

ಅಳತೆಯಲ್ಲಿ ಎರಡು ಸಂಖ್ಯೆ ಮುಖ್ಯ. ಒಂದು, ಹಿಂಬದಿಯ ಗಟ್ಟಿ ಪಟ್ಟಿಯ ಅಗಲ. ಇದು ಸೆಕ್ಷನ್ನಿನ ಗಾಡಿಗೆ, ಅಂದರೆ ಪಟ್ಟಿ ಕೂರುವ ತೋಡಿಗೆ, ಸರಿಹೊಂದಬೇಕು. ಸುಮಾರು 5 ಮಿ.ಮೀ. ಮತ್ತು 7 ಮಿ.ಮೀ. ಆಸುಪಾಸಿನವು ಹೆಚ್ಚು ಬಳಕೆಯಲ್ಲಿವೆ. ಇನ್ನೊಂದು, ಎಳೆಯ ಎತ್ತರ. ತಪ್ಪಾಗುವುದು ಇಲ್ಲೇ. ಹಳೆಯ ಪಟ್ಟಿ ಕಿತ್ತು ಅದರ ಎತ್ತರವನ್ನೇ ಅಳೆದು ಹೊಸದನ್ನು ತಂದರೆ ಅದು ಗಿಡ್ಡವಾಗುವುದು ಖಚಿತ, ಏಕೆಂದರೆ ಹಳೆಯದು ವರ್ಷಗಟ್ಟಲೆ ಒತ್ತಿ ಚಪ್ಪಟೆಯಾಗಿರುತ್ತದೆ. ಅಳೆಯಬೇಕಾದ್ದು ಸಂದನ್ನು. ಚಪಾತಿ ಹಿಟ್ಟಿನ ಸಣ್ಣ ಉಂಡೆಯನ್ನು ತೆಳುವಾದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಾಡಿಯ ಎದುರಿಗಿಟ್ಟು ಶಟರನ್ನು ಅದರ ಜಾಗಕ್ಕೆ ಕೂರಿಸಿ ಮತ್ತೆ ತೆಗೆದರೆ, ಒತ್ತಿಹೋದ ಹಿಟ್ಟಿನ ದಪ್ಪವೇ ಸಂದಿನ ಅಳತೆ. ಎಳೆ ಅದಕ್ಕಿಂತ ಸ್ವಲ್ಪ ಎತ್ತರ ಇರಬೇಕು. ಸಂದು 6 ಮಿ.ಮೀ. ಇದ್ದರೆ ಎಳೆ 7 ಮಿ.ಮೀ. ಇರಲಿ. ಹೆಚ್ಚಿದ್ದಷ್ಟೂ ಒಳ್ಳೆಯದೆಂದು 9 ಮಿ.ಮೀ. ತುರುಕಿದರೆ ಶಟರ್ ಸರಿಯುವುದಿಲ್ಲ, ಎಳೆದೆಳೆದು ಕೆಳಗಿನ ರೋಲರ್ ಸವೆಯುತ್ತದೆ. ಗುಣಮಟ್ಟ ನೋಡಲು ಪ್ರಯೋಗಾಲಯ ಬೇಕಿಲ್ಲ. ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಎಳೆಗಳು ತಟ್ಟನೆ ಎದ್ದು ನಿಲ್ಲಬೇಕು. ಬೆಳಕಿಗೆ ಹಿಡಿದರೆ ಬುಡದಲ್ಲಿ ಬೆಳಕು ತೂರಬಾರದು. ಒಂದು ಹನಿ ನೀರು ಹಾಕಿದರೆ ಹನಿಯಾಗಿಯೇ ನಿಂತು ಜಾರಬೇಕು. ಉಗುರಿನಿಂದ ಕೆರೆದರೆ ಎಳೆ ಕಿತ್ತು ಬರಬಾರದು.

ಒಳ್ಳೆಯ ಮಾಲು ತಂದರೂ ಸೈಟಿನಲ್ಲಿ ಅದು ಹಾಳಾಗುವ ದಾರಿಗಳಿವೆ. ಕಿಟಕಿ ಕೂರಿಸಿದ ಮೇಲೆ ಪ್ಲಾಸ್ಟರಿಂಗ್, ಪುಟ್ಟಿ, ಪೇಂಟ್ ನಡೆಯುವ ಕಡೆ ಸಿಮೆಂಟಿನ ಹಾಲು ಟ್ರ್ಯಾಕಿಗಿಳಿದು ಪೈಲಿಗೆ ಅಂಟುತ್ತದೆ. ಒಣಗಿದ ಮೇಲೆ ಆ ಪೈಲ್ ಸಂದನ್ನೂ ಮುಚ್ಚುವುದಿಲ್ಲ, ಶಟರನ್ನೂ ಸರಿಯಗೊಡುವುದಿಲ್ಲ. ಮೂಲೆಗಳಲ್ಲಿ ಪಟ್ಟಿಯನ್ನು ಅರ್ಧ ಇಂಚು ಗಿಡ್ಡ ಕತ್ತರಿಸಿ ಬಿಡುವುದೂ ಸಾಮಾನ್ಯ. ಸೊಳ್ಳೆ, ಇರುವೆಗೆ ಅಷ್ಟು ಜಾಗ ಸಾಕು. ಪಟ್ಟಿಯನ್ನು ಎಳೆದು ಹಿಗ್ಗಿಸಿ ತೂರಿಸಿದರೆ ಕೆಲ ದಿನಗಳಲ್ಲಿ ಅದು ಕುಗ್ಗಿ ತುದಿಯಲ್ಲಿ ಖಾಲಿ ಬಿಡುತ್ತದೆ. ಆದ್ದರಿಂದ ಪೇಂಟ್ ಮುಗಿದ ಮೇಲೆ ಪೈಲ್ ಹಾಕಬೇಕು, ಇಲ್ಲವೇ ಹಾಳಾದದ್ದನ್ನು ಕೀಲಿಕೈ ಕೊಡುವ ಮುನ್ನ ಬದಲಿಸಬೇಕು ಎಂದು ಕೊಟೇಶನ್ನಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ನಮ್ಮ ಹವೆಯದು. ನಮ್ಮದು ಹಿಮ ಬೀಳುವ ದೇಶವಲ್ಲ, ಮನೆಗೆ ಗಾಳಿ ಬೇಕು, ಎಲ್ಲ ಸಂದು ಮುಚ್ಚಿ ಉಸಿರುಗಟ್ಟಿಸುವುದು ಏಕೆ ಎನ್ನುತ್ತಾರೆ. ಕಾಳಜಿ ಸರಿ. ಆದರೆ ಗಾಳಿ ಬರಬೇಕಾದ್ದು ತೆರೆದ ಕಿಟಕಿಯಿಂದ. ವಸತಿ ಕಟ್ಟಡಗಳಿಗೆಂದು 2018ರಲ್ಲಿ ಬಂದ ಇಕೊ ನಿವಾಸ್ ಸಂಹಿತೆ ಬೆಂಗಳೂರಿನಂಥ ಸಮಶೀತೋಷ್ಣ ಹವೆಯ ಊರಿಗೆ, ಮನೆಯ ಕಾರ್ಪೆಟ್ ವಿಸ್ತೀರ್ಣದ ಕನಿಷ್ಠ ಶೇ 12.5ರಷ್ಟು ತೆರೆಯಬಹುದಾದ ಜಾಗ ಇರಬೇಕೆನ್ನುತ್ತದೆ. ಸಾವಿರ ಚದರ ಅಡಿಯ ಮನೆಗೆ ಅದು 125 ಚದರ ಅಡಿ. ಅದರ ಮುಂದೆ ಸಂದಿನಿಂದ ನುಸುಳುವ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಸಂದಿನ ಗಾಳಿ ಬೇಕೆಂದಾಗ ಸಾಲದು, ಬೇಡವೆಂದಾಗ ನಿಲ್ಲದು. ಲಾರಿ ಹೋದಾಗ ಧೂಳು ತರುತ್ತದೆ, ಪಕ್ಕದಲ್ಲಿ ಕಸ ಸುಟ್ಟಾಗ ಹೊಗೆ ತರುತ್ತದೆ. ಗಾಳಿಯ ಚಿಂತೆ ಇರುವವರು ಎರಡು ಟ್ರ್ಯಾಕಿನ ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ ಎಂಬುದರ ಮೇಲೆ ಬಿಲ್ಡರನ್ನು ಪ್ರಶ್ನಿಸಲಿ. ಒಂದು ವಿಷಯದಲ್ಲಿ ಮಾತ್ರ ರಾಜಿಯೇ ಇಲ್ಲ: ಗ್ಯಾಸ್ ಗೀಸರ್ ಇರುವ ಬಚ್ಚಲುಮನೆಯನ್ನು, ಗ್ಯಾಸ್ ಒಲೆ ಉರಿಯುವ ಅಡುಗೆಮನೆಯನ್ನು ಹೀಗೆ ಬಿಗಿ ಮಾಡಲೇಬಾರದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಬಚ್ಚಲಲ್ಲಿ ಅದು ಜೀವ ತೆಗೆಯುತ್ತದೆ. ಅಲ್ಲಿ ಸದಾ ತೆರೆದಿರುವ ವೆಂಟಿಲೇಟರ್ ಬೇಕೇ ಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಪೈಲ್ ಎಷ್ಟೇ ಒಳ್ಳೆಯದಿರಲಿ, ಗ್ಯಾಸ್ಕೆಟ್ ಇರುವ, ಹೊರಕ್ಕೆ ತೆರೆಯುವ ಕೇಸ್‌ಮೆಂಟ್ ಕಿಟಕಿಯ ಬಿಗಿ ಅದಕ್ಕೆ ಬಾರದು, ಹಾಗಿದ್ದಮೇಲೆ ಕಿಟಕಿಯನ್ನೇ ಬದಲಿಸಬಾರದೇಕೆ? ಸದ್ದಿನ ವಿಷಯದಲ್ಲಿ ಇದನ್ನು ಪೂರ್ತಿ ಒಪ್ಪುತ್ತೇನೆ. ಮುಖ್ಯರಸ್ತೆಯ ಹಾರ್ನ್ ತಡೆಯಬೇಕಾದ ಮಲಗುವ ಕೋಣೆಗೆ ಮೊದಲೇ ಕೇಸ್‌ಮೆಂಟ್ ಹಾಕಿಸುವುದೇ ಸರಿ. ಪೈಲಿನಿಂದ ಆ ಮಟ್ಟದ ನಿಶ್ಶಬ್ದವನ್ನು ನಿರೀಕ್ಷಿಸಬಾರದು. ಆದರೆ ಈಗಾಗಲೇ ಕಟ್ಟಿ ಮುಗಿಸಿದ ಮನೆಗಳಲ್ಲಿ ಸ್ಲೈಡಿಂಗ್ ಕಿಟಕಿಗಳು ಕೂತಾಗಿದೆ, ಅವುಗಳ ಹೊರಗೆ ಗ್ರಿಲ್ಲೂ ಬಿದ್ದಾಗಿದೆ. ಚೌಕಟ್ಟು ಕಿತ್ತು ಗೋಡೆ ಒಡೆಸುವ ಖರ್ಚು ಎಲ್ಲರಿಗೂ ಆಗುವಂಥದ್ದಲ್ಲ. ಪೈಲ್ ಬದಲಿಸಲು ಶಟರನ್ನು ಮೇಲಕ್ಕೆತ್ತಿ ಹೊರತೆಗೆದು, ಗಾಡಿ ಉಜ್ಜಿ, ಹೊಸ ಪಟ್ಟಿ ತೂರಿಸಿದರೆ ಆಯಿತು. ಸ್ಲೈಡಿಂಗ್ ಕಿಟಕಿಗೆ ಎರಡು ಪದರದ ಗಾಜು ಹಾಕಿಸಿ ಪೈಲಿನಲ್ಲಿ ಉಳಿಸುವವರನ್ನು ಕಂಡರೆ ನಿಜಕ್ಕೂ ಬೇಸರವಾಗುತ್ತದೆ; ಸಂದು ತೆರೆದಿದ್ದರೆ ಆ ಗಾಜಿಗೆ ಸುರಿದ ಹಣದ ಬಹುಭಾಗ ನೀರುಪಾಲು. ಮಳೆನೀರಿನ ಬಗ್ಗೆಯೂ ಸ್ಪಷ್ಟತೆ ಇರಬೇಕು. ಪೈಲ್ ಎರಚಲನ್ನು ತಗ್ಗಿಸುತ್ತದೆಯೇ ಹೊರತು ಟ್ರ್ಯಾಕಿನಲ್ಲಿ ನಿಂತ ನೀರನ್ನು ತಡೆಯುವುದಿಲ್ಲ. ಆ ನೀರು ಹೊರಹೋಗುವ ಸಣ್ಣ ರಂಧ್ರಗಳನ್ನು ಮಳೆಗಾಲಕ್ಕೆ ಮುಂಚೆ ಬಿಡಿಸಿಡಬೇಕು.

ಇನ್ನು ಕೊಳ್ಳುವ ಕಷ್ಟ. ಫ್ಯಾಬ್ರಿಕೇಟರುಗಳು ಪೈಲನ್ನು ದೊಡ್ಡ ಸುರುಳಿಗಳಲ್ಲಿ ತರಿಸುತ್ತಾರೆ. ಒಂದು ಮನೆಗೆ ಬೇಕಾದ ಕೆಲವೇ ಮೀಟರುಗಳನ್ನು ಕತ್ತರಿಸಿ ಕೊಡುವ ಅಂಗಡಿ ಸುಲಭವಾಗಿ ಸಿಗುವುದಿಲ್ಲ. ಹೀಗಾಗಿ ಜನ ಹಾರ್ಡ್‌ವೇರ್ ಅಂಗಡಿಯ ಅಂಟು ಫೋಮ್ ಟೇಪ್ ತಂದು ಮೆತ್ತುತ್ತಾರೆ. ತೆರೆದು ಮುಚ್ಚುವ ಬಾಗಿಲ ಚೌಕಟ್ಟಿಗೆ ಅದು ನಡೆದೀತು. ಶಟರ್ ಉಜ್ಜಾಡುವ ಜಾಗದಲ್ಲಿ ಹರಿದು ಸುರುಟಿಹೋಗುತ್ತದೆ. ಅಲ್ಯೂಮಿನಿಯಂ ಸೆಕ್ಷನ್ ಮತ್ತು ಕಿಟಕಿ ಬಿಡಿಭಾಗ ಮಾರುವ ಅಂಗಡಿಗೆ ಹಳೆಯ ಪಟ್ಟಿಯ ಒಂದು ಗೇಣು ತುಂಡು, ಸಂದಿನ ಅಳತೆ ಎರಡನ್ನೂ ಒಯ್ದರೆ ಕೆಲಸ ಆಗುತ್ತದೆ. ಆನ್‌ಲೈನ್‌ನಲ್ಲಿ ತರಿಸುವವರು ಎರಡೂ ಅಳತೆಯನ್ನು ಬೇರೆ ಬೇರೆ ಕೊಟ್ಟಿರುವ ಮಾಲನ್ನೇ ಆರಿಸಲಿ, ಒಂದು ಕಿಟಕಿಗಾಗುವಷ್ಟು ಮೊದಲು ತರಿಸಿ ನೋಡಲಿ. ಅಪಾರ್ಟ್‌ಮೆಂಟ್ ಸಂಘಗಳಿಗೆ ಇದು ಹೇಳಿಮಾಡಿಸಿದ ಕೆಲಸ: ಒಂದೇ ಕಟ್ಟಡದ ಕಿಟಕಿಗಳ ಸೆಕ್ಷನ್ ಸಾಮಾನ್ಯವಾಗಿ ಒಂದೇ, ಆದ್ದರಿಂದ ಒಂದು ಫ್ಲ್ಯಾಟಿನಲ್ಲಿ ಸರಿಯಾಗಿ ಅಳೆದು ಎಲ್ಲರಿಗೂ ಸೇರಿಸಿ ಸುರುಳಿಗಟ್ಟಲೆ ತರಿಸಬಹುದು. ಹೊಸ ಫ್ಲ್ಯಾಟ್ ಕೊಂಡವರಿಗೆ ಇನ್ನೂ ಒಂದು ದಾರಿ ಇದೆ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ 14ನೇ ಸೆಕ್ಷನ್ನಿನ ಪ್ರಕಾರ, ಸ್ವಾಧೀನ ಪಡೆದ 5 ವರ್ಷದೊಳಗೆ ಕಾಮಗಾರಿಯ ಅಥವಾ ಗುಣಮಟ್ಟದ ದೋಷ ತೋರಿಸಿಕೊಟ್ಟರೆ ಬಿಲ್ಡರ್ 30 ದಿನದೊಳಗೆ ಹಣ ಕೇಳದೆ ಸರಿಪಡಿಸಬೇಕು. ಕಿಟಕಿಯಲ್ಲಿ ಧೂಳು ಬರುತ್ತದೆ ಎಂದಷ್ಟೇ ದೂರು ಕೊಟ್ಟರೆ ಉತ್ತರ ಜಾರಿಕೊಳ್ಳುತ್ತದೆ. ಇಂಥ ಶಟರಿನಲ್ಲಿ ಸಂದು 6 ಮಿ.ಮೀ., ಹಾಕಿರುವ ಪೈಲ್ 4 ಮಿ.ಮೀ., ಇಂಟರ್‌ಲಾಕಿನಲ್ಲಿ ಪೈಲೇ ಇಲ್ಲ ಎಂದು ಫೋಟೊ ಸಮೇತ ಬರೆದುಕೊಟ್ಟರೆ ಜಾರಿಕೊಳ್ಳಲು ಜಾಗ ಕಡಿಮೆ. ಕರಾರುಪತ್ರದ ಜೊತೆಗಿನ ವಿವರಪಟ್ಟಿಯಲ್ಲಿ ಪೈಲಿನ ಅಗಲ, ಎತ್ತರ, ಫಿನ್ ಇದೆಯೋ ಇಲ್ಲವೋ ಎಂಬ ಸಾಲು ಮೊದಲೇ ಇದ್ದರೆ ಆ ದೂರು ಇನ್ನಷ್ಟು ಗಟ್ಟಿಯಾಗುತ್ತದೆ.